ಅತ್ತೆಯ ಪಂಪು, ಮಗಳ ಪಂಪು

(ಬಸವೇಶ್ವರನಗರದ ಹತ್ತಿರ, ಕಮಲಾನಗರದ ಕಲಿಕಾ ಕೇಂದ್ರದಲ್ಲಿ ಒಬ್ಬ ನರ್ಸಮ್ಮ ಆಡಿದ ಮಾತು)



ಹೋದ ವಾರ ನಿಮ್ಮಲ್ಲೇ ಒಬ್ಬರು ನನ್ನನ್ನು ಕೇಳಿದರು. "ಸಿಸ್ಟರ್, ನಮ್ಮನೇಲಿ ಇಬ್ಬರಿಗೆ ದಮ್ಮು. ಅತ್ತೆಗೂ ಇದೆ, ಮಗಳಿಗೂ ಇದೆ. ಡಾಕ್ಟರು ಇಬ್ಬರಿಗೂ ಬೇರೆ ಬೇರೆ ಪಂಪು ಬರೆದಿದಾರೆ. ಒಂದೇ ಪಂಪನ್ನ ಇಬ್ಬರೂ ಎಳ್ಕೊಂಡ್ರೆ ಆಗಲ್ವಾ? ದುಡ್ಡಾದರೂ ಉಳಿಯುತ್ತೆ."

ಕೇಳಿದ್ದು ಒಳ್ಳೇದಾಯ್ತು. ಕೇಳದೇ ಹಾಗೇ ಮಾಡೋ ಮನೆಗಳೂ ಇವೆ.

ಮೊದಲು ಮಗಳ ವಿಷಯ. ಮಗಳಿಗೆ ಇರೋದು ಆಸ್ತಮಾ. ಉಬ್ಬಸ ಅಂತೀವಲ್ಲ, ಅದು. ಉಸಿರು ಹೋಗೋ ಕೊಳವೆಯ ಒಳಗೋಡೆ ಬಾತುಕೊಳ್ಳುತ್ತೆ. ಕೊಳವೆ ಕಿರಿದಾಗುತ್ತೆ. ದೂಳು, ಕಾಂಗ್ರೆಸ್ ಗಿಡದ ಹೂವಿನ ಪುಡಿ, ಡಿಸೆಂಬರ್ ಚಳಿ, ಪಟಾಕಿ ಹೊಗೆ, ಊದುಬತ್ತಿ ಹೊಗೆ, ಯಾವುದಾದರೂ ಸಾಕು. ಆಮೇಲೆ ಇಳಿಯುತ್ತೆ. ಮಗು ಏನೂ ಆಗದ ಹಾಗೆ ಆಟ ಆಡುತ್ತೆ. ಆದರೆ ಒಳಗಿನ ಬಾವು ಪೂರ್ತಿ ಹೋಗಿರೋದಿಲ್ಲ.

ನಮ್ಮ ಬೆಂಗಳೂರಲ್ಲಿ ಇದು ಬಹಳ ಹೆಚ್ಚಿತು. ಮಕ್ಕಳ ಡಾಕ್ಟರು ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟರು. 1979ರಲ್ಲಿ 100 ಮಕ್ಕಳಲ್ಲಿ 9 ಮಕ್ಕಳಿಗೆ ಆಸ್ತಮಾ ಇತ್ತು. 1999ರಲ್ಲಿ ಅದು ಸುಮಾರು 30 ಆಗಿತ್ತು.

ಅತ್ತೆಯದು ಬೇರೆ ಕಾಯಿಲೆ. ಡಾಕ್ಟರ ಚೀಟಿಯಲ್ಲಿ ಸಿ.ಒ.ಪಿ.ಡಿ. ಅಂತ ಇರುತ್ತೆ. ಇದರಲ್ಲಿ ಶ್ವಾಸಕೋಶವೇ ನಿಧಾನವಾಗಿ ಸವೆಯುತ್ತೆ. ಮತ್ತೆ ಮೊದಲಿನ ಹಾಗೆ ಆಗೋದಿಲ್ಲ. "ನಾನು ಬೀಡಿ ಸೇದಿದವಳಲ್ಲ, ನನಗ್ಯಾಕೆ ಬಂತು?" ಅಂತ ಅತ್ತೆ ಅಳ್ತಾರಂತೆ. ಒಲೆ ಊದಿದಾರಲ್ಲ ತಾಯಿ! ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ನೋಡಿ ಡಾಕ್ಟರುಗಳು 2013ರಲ್ಲಿ ಒಂದು ಲೆಕ್ಕ ಹೇಳಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಇದ್ದಿರಿ, ಎಷ್ಟು ವರ್ಷ ಇದ್ದಿರಿ, ಎರಡನ್ನೂ ಗುಣಿಸಿ. 60 ಆದರೆ ಕಫ, ಕೆಮ್ಮಿನ ಕಾಯಿಲೆಯ ಅಪಾಯ ಶುರು. ದಿನಕ್ಕೆ 3 ಗಂಟೆ, 20 ವರ್ಷ. ಮೂರಿಪ್ಪತ್ತಲ ಅರವತ್ತು. ನಮ್ಮ ಅತ್ತೆಯಂದಿರು 40 ವರ್ಷ ಊದಿದಾರೆ. ಅವರನ್ನ ಯಾರೂ ಲೆಕ್ಕ ಕೇಳಿರಲಿಲ್ಲ, ಅಷ್ಟೆ.

ಈಗ ಪಂಪಿಗೆ ಬರೋಣ.

ಒಂದು, ತುರ್ತು ಪಂಪು. ಔಷಧಿ ಸಾಲ್ಬುಟಮಾಲ್. ಐದಾರು ನಿಮಿಷಕ್ಕೆ ಉಸಿರು ಬಿಡುತ್ತೆ. ನಾಲ್ಕೈದು ಗಂಟೆ ಇರುತ್ತೆ. ಆದರೆ ಬಾವು ಇಳಿಸೋದಿಲ್ಲ. ಬೆಂಕಿ ಆರಿಸದೆ ಹೊಗೆ ಬೀಸಿದ ಹಾಗೆ.

ಇನ್ನೊಂದು, ಬಾವು ಇಳಿಸೋ ಔಷಧಿ. ಬುಡೆಸೊನೈಡ್, ಫ್ಲುಟಿಕಸೋನ್ ಅಂತ ಹೆಸರು. ಎಳೆದ ತಕ್ಷಣ ಏನೂ ಗೊತ್ತಾಗಲ್ಲ. ದಿನಾ ತಗೊಂಡರೆ ವಾರಗಳಲ್ಲಿ ಗೊತ್ತಾಗುತ್ತೆ. ಆಸ್ತಮಾಕ್ಕೆ ಇದೇ ಬೇರು. ಇದು ಸ್ಟೀರಾಯ್ಡ್ ಅಂತ ಹೆದರಿ ಬಿಡ್ತಾರೆ. 5 ಮಿಲಿಗ್ರಾಂ ಸ್ಟೀರಾಯ್ಡ್ ಮಾತ್ರೆಯಲ್ಲಿ 5000 ಮೈಕ್ರೋಗ್ರಾಂ ಔಷಧಿ ಇರುತ್ತೆ. ಪಂಪಿನ ಒಂದು ಎಳೆತದಲ್ಲಿ 100, 200 ಮೈಕ್ರೋಗ್ರಾಂ. ಅದೂ ಹೆಚ್ಚಾಗಿ ಎದೆಗೇ ಕೆಲಸ ಮಾಡುತ್ತೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರುತ್ತೆ.

ಮೂರನೇದು, ಕೊಳವೆಯನ್ನು ಬಹಳ ಹೊತ್ತು ಬಿಚ್ಚಿ ಇಡೋದು. ಫಾರ್ಮೊಟೆರಾಲ್, ಸಾಲ್ಮೆಟೆರಾಲ್ 12 ಗಂಟೆ. ಟಯೋಟ್ರೋಪಿಯಂ 24 ಗಂಟೆ. ಸಿ.ಒ.ಪಿ.ಡಿ.ಗೆ ಇದೇ ಮುಖ್ಯ. ಪದೇ ಪದೇ ಜೋರಾಗುವ ಕೆಲವರಿಗೆ ಮಾತ್ರ ಬಾವಿನ ಔಷಧಿಯನ್ನೂ ಸೇರಿಸ್ತಾರೆ. ಯಾಕಂದ್ರೆ ಇವರಲ್ಲಿ ಅದು ನ್ಯುಮೋನಿಯಾದ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತೆ.

ಈಗ ನೀವೇ ಹೇಳಿ. ಅಜ್ಜಿಯ ಟಯೋಟ್ರೋಪಿಯಂ ಒಂದನ್ನೇ ಮೊಮ್ಮಗಳು ಎಳೆದರೆ? ಬಾವು ಹಾಗೇ ಉಳಿಯುತ್ತೆ. ಆಸ್ತಮಾ ಇರೋರು ಸಾಲ್ಮೆಟೆರಾಲ್, ಫಾರ್ಮೊಟೆರಾಲ್ ಒಂದನ್ನೇ, ಬಾವಿನ ಔಷಧಿ ಇಲ್ಲದೆ, ತಗೊಂಡರೆ ಪ್ರಾಣಕ್ಕೇ ಅಪಾಯ. ಮಗುವಿನ ಬುಡೆಸೊನೈಡ್ ಒಂದನ್ನೇ ಅಜ್ಜಿ ಎಳೆದರೆ ಏದುಸಿರು ಅಷ್ಟಾಗಿ ಇಳಿಯೋದಿಲ್ಲ. ಅದಕ್ಕೇ ಬೇರೆ ಬೇರೆ.

ಬುಡೆಸೊನೈಡ್, ಫಾರ್ಮೊಟೆರಾಲ್ ಎರಡೂ ಸೇರಿರೋ ಪಂಪೂ ಉಂಟು. ಆಸ್ತಮಾದವರಿಗೆ ಕೆಲವು ಡಾಕ್ಟರು ಇದನ್ನೇ ದಿನಕ್ಕೂ, ತುರ್ತಿಗೂ ಹೇಳ್ತಾರೆ. ಫಾರ್ಮೊಟೆರಾಲ್ ಬೇಗ ಕೆಲಸ ಮಾಡುತ್ತೆ, ಅದಕ್ಕೆ. ಸಾಲ್ಮೆಟೆರಾಲ್ ನಿಧಾನ. ಅದನ್ನು ತುರ್ತಿಗೆ ನಂಬಬೇಡಿ.

ಎಳೆಯೋ ಕ್ರಮವೂ ಬೇರೆ. ಗಾಳಿ ಪಂಪನ್ನು ಕುಲುಕಿ, ಉಸಿರು ಹೊರಗೆ ಬಿಟ್ಟು, ಒತ್ತುತ್ತಾ ನಿಧಾನವಾಗಿ ಎಳೆಯಿರಿ. ಹತ್ತು ಎಣಿಸೋವರೆಗೆ ಬಿಗಿ ಹಿಡಿಯಿರಿ. ಸ್ಪೇಸರ್ ಡಬ್ಬಿ ಹಾಕಿದರೆ ಮಕ್ಕಳಿಗೆ, ವಯಸ್ಸಾದವರಿಗೆ ಸುಲಭ. ಪುಡಿ ಔಷಧಿಯಾದರೆ ಜೋರಾಗಿ, ಒಂದೇ ಸಲ ಎಳೀಬೇಕು. ಆ ಪುಡಿಯ ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿದವರನ್ನ ನಾನು ಕಣ್ಣಾರೆ ಕಂಡಿದೀನಿ. ಎರಡು ತಿಂಗಳು ನುಂಗಿದ್ದರು, ಪಾಪ. ಯಾರೂ ತೋರಿಸಿಕೊಟ್ಟಿರಲಿಲ್ಲ.

ದುಡ್ಡಿನ ಮಾತು ಸುಳ್ಳಲ್ಲ. ಗಾರ್ಮೆಂಟ್ಸಿಗೆ ಹೋಗೋರ ಹತ್ತಿರ ಇ.ಎಸ್.ಐ. ಕಾರ್ಡ್ ಇದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಿ ಕೇಳಿ. ಕಾರ್ಡು ಇಲ್ಲದವರು ಜನೌಷಧಿ ಅಂಗಡಿಯಲ್ಲಿ ಕೇಳಿ. ಅದೇ ಔಷಧಿ ಕಡಿಮೆ ಬೆಲೆಗೆ ಸಿಗಬಹುದು.

ತುರ್ತು ಪಂಪು ಎಳೆದರೂ ಇಳಿಯದಿದ್ದರೆ, ಒಂದು ಮಾತು ಪೂರ್ತಿ ಆಡೋಕೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ. 108ಕ್ಕೆ ಫೋನು ಮಾಡಿ.

ಪಂಪಿನ ಬಣ್ಣ ನಂಬಬೇಡಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತೆ. ಮೇಲಿರೋ ಹೆಸರು ಇಂಗ್ಲಿಷಿನಲ್ಲಿರುತ್ತೆ. ಇರಲಿ. ಗಾಯಕ್ಕೆ ಹಾಕೋ ಪ್ಲಾಸ್ಟರ್ ತಂದಿದೀನಿ, ಪೆನ್ನೂ ಇದೆ. ಪಂಪು ತಂದಿರೋರು ಮುಂದೆ ಬನ್ನಿ. ಯಾರ ಪಂಪು ಅಂತ ಹೆಸರು ಬರೀರಿ. ಕೆಳಗೆ 'ದಿನಾ' ಅಂತಲೋ 'ತುರ್ತು' ಅಂತಲೋ ಬರೀರಿ. ನಾನು ಬರೆಯಲ್ಲ, ನೀವೇ ಬರೀಬೇಕು. 'ತುರ್ತು'ವಿನಲ್ಲಿ ಒತ್ತಕ್ಷರ ಕಷ್ಟ ಅನ್ನಿಸಿದರೆ ಹಲಗೆ ಮೇಲೆ ಬರೆದಿದೀನಿ, ನೋಡ್ಕೊಳ್ಳಿ.