ತಾಯಿಯಾಗುವ ಮೊದಲೇ
(ದಿವಾದಲ್ಲಿ ಕಾರ್ಮಿಕ ಕುಟುಂಬಗಳ ಮುಂದೆ ಮಾಡಿದ ಭಾಷಣ)



ನಮ್ಮ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದೆಂದು ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ತೋರಿಸಿಕೊಟ್ಟರು. ಆ ಸಾರದಲ್ಲಿದ್ದ ಸತ್ವವೇ ಫೋಲೇಟ್. ಮಾತ್ರೆಯಲ್ಲಿ ಸಿಗುವುದು ಫೋಲಿಕ್ ಆಮ್ಲ.

ಮಗುವಿನ ಮೆದುಳು, ಬೆನ್ನುಹುರಿಗಳಾಗುವ ನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟು ತಪ್ಪಿತೆಂದು ತಿಳಿಯುವಾಗ ಅರ್ಧ ಅವಧಿ ಮುಗಿದಿರುತ್ತದೆ. ಆದ್ದರಿಂದ ಕನಿಷ್ಠ ಒಂದು ತಿಂಗಳು ಮೊದಲಿನಿಂದ, ಗರ್ಭದ 12ನೆಯ ವಾರದವರೆಗೆ, ದಿನಕ್ಕೆ 400 ಮೈಕ್ರೋಗ್ರಾಂ ಬೇಕು. ಸೊಪ್ಪು, ಕಾಳು ಒಳ್ಳೆಯವೇ. ಆದರೆ ಅವಷ್ಟೇ ಸಾಲವು. ಸಕ್ಕರೆ ಕಾಯಿಲೆ, ಮೂರ್ಛೆರೋಗ ಇದ್ದವರು ವೈದ್ಯರನ್ನು ಮೊದಲೇ ಕೇಳಬೇಕು.

ಗಂಡಸರೇ, ಬೆಳಗಿನ ಲೋಕಲನ್ನು ಒಂದು ದಿನ ಬಿಡಿರಿ. ಮನೆಯಾಕೆಯೊಡನೆ ಆಸ್ಪತ್ರೆಗೆ ಹೋಗಿರಿ. ಒಂದು ದಿನದ ಕೂಲಿಯನ್ನು ಮತ್ತೆ ದುಡಿಯಬಹುದು. ಆ 28 ದಿನಗಳು ಮರಳಿ ಬಾರವು.