ಚಿಮಣಿಯ ಹೊಗೆ ಮತ್ತು ಕರಾರಿನ ಕಲಮು

ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಎದುರು ನಿಂತವರ ಕಣ್ಣಿಗೆ ಮೊದಲು ಬೀಳುವುದು ಅದರ ಚಿಮಣಿ. ಆ ಚಿಮಣಿಯಿಂದ ಏನು ಹೊರಬರಬಹುದು, ಏನು ಬರಬಾರದು ಎಂಬುದನ್ನು ಕಾಯಿದೆ ನಿರ್ಧರಿಸುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಸತ್ಯ. ಉಳಿದರ್ಧ ಯಾವುದೋ ಕಚೇರಿಯ ಕಪಾಟಿನಲ್ಲಿ ದಾರ ಕಟ್ಟಿಸಿಕೊಂಡು ಮಲಗಿರುವ ಒಂದು ಕರಾರು ಪತ್ರದಲ್ಲಿದೆ. ವಿದ್ಯುತ್ತನ್ನು ಉತ್ಪಾದಿಸುವವರಿಗೂ ಅದನ್ನು ಕೊಂಡು ನಮ್ಮ ಮನೆಗಳಿಗೆ ಹಂಚುವವರಿಗೂ ನಡುವೆ, ಸಾಮಾನ್ಯವಾಗಿ ಇಪ್ಪತ್ತೈದು ವರ್ಷಗಳ ಅವಧಿಗೆ, ಆಗುವ ಖರೀದಿ ಒಪ್ಪಂದ ಅದು. ಅಂಥ ಒಪ್ಪಂದಗಳನ್ನು ಓದುವುದೇ ಬಹುಕಾಲ ನನ್ನ ಹೊಟ್ಟೆಪಾಡಾಗಿತ್ತು. ಕಾದಂಬರಿ ಓದಬೇಕಾದ ವಯಸ್ಸಿನಲ್ಲಿ ಕಲಮು, ಉಪಕಲಮುಗಳನ್ನು ಓದಿದವನ ಮಾತು ಶುಷ್ಕವಾಗಿ ಕೇಳಿಸಿದರೆ ತಾವು ಮನ್ನಿಸಬೇಕು.

ಕಲ್ಲಿದ್ದಲಿನಲ್ಲಿ ಗಂಧಕದ ಅಂಶವಿರುತ್ತದೆ. ಉರಿದಾಗ ಅದು ಗಂಧಕದ ಡೈಆಕ್ಸೈಡ್ ಎಂಬ ಅನಿಲವಾಗಿ ಮೇಲೇರುತ್ತದೆ. ಬಹಳ ವರ್ಷ ನಮ್ಮ ದೇಶದಲ್ಲಿ ಉಷ್ಣ ಸ್ಥಾವರಗಳ ಚಿಮಣಿಯಿಂದ ಈ ಅನಿಲ ಇಷ್ಟೇ ಬರಬೇಕೆಂಬ ಮಿತಿಯೇ ಇರಲಿಲ್ಲ. ಇದ್ದದ್ದು ಚಿಮಣಿಯ ಎತ್ತರದ ನಿಯಮ: 500 ಮೆಗಾವಾಟ್ ಮತ್ತು ಅದಕ್ಕೂ ದೊಡ್ಡ ಘಟಕವಾದರೆ 275 ಮೀಟರು, ಅದಕ್ಕಿಂತ ಚಿಕ್ಕದಾಗಿ 200 ಮೆಗಾವಾಟಿಗೆ ಮೇಲ್ಪಟ್ಟಿದ್ದರೆ 220 ಮೀಟರು. ವಿಜಾಪುರದ ಗೋಳಗುಮ್ಮಟದಂಥ ಐದು ಕಟ್ಟಡಗಳನ್ನು ಒಂದರ ಮೇಲೊಂದು ಪೇರಿಸಿದರೂ 275 ಮೀಟರು ಮುಟ್ಟುವುದಿಲ್ಲ. ಹೊಗೆಯನ್ನು ಅಷ್ಟೆತ್ತರದಲ್ಲಿ ಬಿಟ್ಟರೆ ಗಾಳಿಯಲ್ಲಿ ಚದುರಿ ತೆಳುವಾಗುತ್ತದೆ, ನೆಲದ ಮೇಲಿನವರಿಗೆ ಬಾಧೆ ತಟ್ಟದು ಎಂಬುದು ತರ್ಕ. ತರ್ಕ ತಪ್ಪೆಂದು ಹೇಳಲಾರೆ. ಆದರೆ ಚದುರಿದ್ದು ಇಲ್ಲವಾದಂತಲ್ಲ. ಆ ಅನಿಲ ಗಾಳಿಯಲ್ಲಿ ದೂರ ಸಾಗುತ್ತ, ರಾಸಾಯನಿಕ ಮಾರ್ಪಾಡು ಹೊಂದಿ, ಸಲ್ಫೇಟಿನ ಅತಿ ಸೂಕ್ಷ್ಮ ಕಣಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಎತ್ತರದ ಚಿಮಣಿ ನಮ್ಮ ಊರಿನ ಹೊಗೆಯನ್ನು ಪಕ್ಕದ ಸೀಮೆಗೆ ಸಾಗಹಾಕುವ ಉಪಾಯವೂ ಹೌದು.

2015ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಮಿತಿಗಳನ್ನು ಗೊತ್ತುಮಾಡಿತು. ಹಳೆಯ ದೊಡ್ಡ ಘಟಕಗಳಿಗೆ ಒಂದು ಘನಮೀಟರು ಅನಿಲದಲ್ಲಿ 200 ಮಿಲಿಗ್ರಾಂ, ಚಿಕ್ಕವಕ್ಕೆ 600, 2017ರಿಂದಾಚೆಗೆ ಬರುವ ಹೊಸವಕ್ಕೆ 100. ಪಾಲಿಸಲು ಎರಡು ವರ್ಷ ಗಡುವು. ಇದಕ್ಕೆ ಬೇಕಾದ ಯಂತ್ರವೇನೂ ನಿಗೂಢವಲ್ಲ. ಹೊಗೆಯನ್ನು ಒಂದು ದೊಡ್ಡ ಗೋಪುರದೊಳಗೆ ಹಾಯಿಸಿ, ಸುಣ್ಣಕಲ್ಲಿನ ಪುಡಿ ಕದಡಿದ ನೀರನ್ನು ಅದರ ಮೇಲೆ ಸಿಂಪಡಿಸುತ್ತಾರೆ. ಗಂಧಕವು ಸುಣ್ಣದೊಡನೆ ಕೂಡಿ ಜಿಪ್ಸಂ ಆಗಿ ಕೆಳಗಿಳಿಯುತ್ತದೆ. ಸಿಮೆಂಟಿನ ಕಾರ್ಖಾನೆಗೂ ಚೌಳು ಭೂಮಿಗೂ ಬೇಕಾದ ಅದೇ ಜಿಪ್ಸಂ. ಜಗತ್ತಿನಲ್ಲಿ ದಶಕಗಳಿಂದ ನಡೆದುಬಂದಿರುವ ವಿದ್ಯೆ.

ತೊಡಕಾದದ್ದು ವಿದ್ಯೆಯಿಂದಲ್ಲ, ಹಣ ಯಾರದೆಂಬ ಪ್ರಶ್ನೆಯಿಂದ. ಇಲ್ಲಿಯೇ ನನ್ನ ಕಲಮು ರಂಗಕ್ಕೆ ಬರುತ್ತದೆ. 2003ರ ವಿದ್ಯುತ್ ಕಾಯಿದೆಯ ತರುವಾಯ ಹರಾಜಿನ ಮೂಲಕ ಆದ ಖರೀದಿ ಒಪ್ಪಂದಗಳಲ್ಲಿ ‘ಕಾನೂನಿನ ಬದಲಾವಣೆ’ ಎಂಬ ಒಂದು ಅಧ್ಯಾಯ ಇರುತ್ತದೆ. ಟೆಂಡರು ಸಲ್ಲಿಸುವ ಕೊನೆಯ ದಿನಕ್ಕೆ ಏಳು ದಿನ ಮುಂಚಿನ ತಾರೀಖನ್ನು ಗೆರೆಯಾಗಿ ಎಳೆದು, ಆ ಗೆರೆಯ ಈಚೆಗೆ ಸರ್ಕಾರ ಹೊಸ ಕಾನೂನು ಮಾಡಿ ಉತ್ಪಾದಕನ ಖರ್ಚು ಹೆಚ್ಚಿಸಿದರೆ, ಬದಲಾವಣೆಯೇ ಆಗದಿದ್ದಲ್ಲಿ ಆತ ಯಾವ ಆರ್ಥಿಕ ಸ್ಥಿತಿಯಲ್ಲಿರುತ್ತಿದ್ದನೋ ಅದೇ ಸ್ಥಿತಿಗೆ ಅವನನ್ನು ತಂದು ನಿಲ್ಲಿಸಬೇಕು ಎಂಬುದು ಅದರ ತಿರುಳು. ಖರ್ಚು ಇಳಿದರೆ ಲಾಭವೂ ಹಾಗೆಯೇ ಕೊಳ್ಳುವವನಿಗೆ ಸೇರಬೇಕು. ಕೇಳಲು ನ್ಯಾಯವಾಗಿದೆ, ನಾನಾದರೂ ಹಾಗೆಯೇ ಬರೆಯುತ್ತಿದ್ದೆ.

ಆದರೆ 2015ರ ಮಿತಿಗಳು ನಿಜಕ್ಕೂ ‘ಬದಲಾವಣೆ’ಯೇ? ವಾಯು ಮಾಲಿನ್ಯ ಕಾಯಿದೆ 1981ರಿಂದ ಇತ್ತು. ಎಷ್ಟೋ ಸ್ಥಾವರಗಳಿಗೆ ಅನುಮತಿ ಕೊಡುವಾಗಲೇ, ಮುಂದೆ ಗಂಧಕ ತೊಳೆಯುವ ಯಂತ್ರ ಬೇಕಾದೀತು, ಜಾಗ ಬಿಟ್ಟಿರಿ ಎಂದು ಷರತ್ತು ಹಾಕಿದ್ದುಂಟು. ಜಾಗ ಬಿಡೆಂದರೆ ಯಂತ್ರ ಇಡೆಂದು ಅರ್ಥವೇ, ಅಲ್ಲವೇ? ಪಂಜಾಬಿನ ಎರಡು ಸ್ಥಾವರಗಳ ಕೋರಿಕೆಯನ್ನು ಅಲ್ಲಿಯ ನಿಯಂತ್ರಣ ಆಯೋಗ ತಳ್ಳಿಹಾಕಿತು. 2020ರಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಿರುಗಿಸಿ, ಇದು ಕಾನೂನಿನ ಬದಲಾವಣೆಯೇ ಎಂದು ತೀರ್ಪಿತ್ತಿತು. ಅದಕ್ಕೂ ಮೊದಲೇ, 2018ರ ಮೇ ತಿಂಗಳಲ್ಲಿ, ಕೇಂದ್ರದ ವಿದ್ಯುತ್ ಮಂತ್ರಾಲಯ ಕೇಂದ್ರೀಯ ಆಯೋಗಕ್ಕೆ ಇದೇ ನಿಲುವಿನ ನಿರ್ದೇಶನ ಕೊಟ್ಟಿತ್ತು. ಇತ್ತ ಸರ್ವೋಚ್ಚ ನ್ಯಾಯಾಲಯ, 2017ರಲ್ಲಿ, ಪರದೇಶದ ಕಾನೂನಿನಿಂದ ಕಲ್ಲಿದ್ದಲಿನ ಬೆಲೆ ಏರಿದರೆ ಅದು ಈ ಕಲಮಿನೊಳಗೆ ಬಾರದು ಎಂದಿತು. 2019ರಲ್ಲಿ, ಹಳೆಯ ಸ್ಥಿತಿಗೆ ತರಬೇಕೆಂದಮೇಲೆ ಹಣ ತಡವಾದುದಕ್ಕೆ ತಗಲುವ ಬಡ್ಡಿಯ ಹೊರೆಯನ್ನೂ ಕೊಡಬೇಕು ಎಂದಿತು. ‘ಅದೇ ಆರ್ಥಿಕ ಸ್ಥಿತಿ’ ಎಂಬ ಎರಡು ಮೂರು ಪದಗಳ ಮೇಲೆ ಎಷ್ಟು ಕೋಟಿಗಳ ಭಾರ ನಿಂತಿದೆ ನೋಡಿ.

ಈ ವಾದಗಳು ನಡೆಯುವ ತನಕ ಚಿಮಣಿ ಸುಮ್ಮನಿರಲಿಲ್ಲ. ದರ ಏರುವ ಭರವಸೆಯಿಲ್ಲದೆ ಬ್ಯಾಂಕು ಸಾಲ ಕೊಡದು. ಸಾಲವಿಲ್ಲದೆ ಯಂತ್ರದ ಆದೇಶವಿಲ್ಲ. ಇನ್ನೊಂದು ವಕ್ರತೆಯೂ ಉಂಟು. ಅಗ್ಗದ ವಿದ್ಯುತ್ತನ್ನು ಮೊದಲು ಕೊಳ್ಳಬೇಕೆಂಬುದು ಪದ್ಧತಿ. ಯಂತ್ರ ಇಟ್ಟವನಿಗೆ ಸುಣ್ಣಕಲ್ಲಿನ ಖರ್ಚು, ಯಂತ್ರ ಓಡಿಸಲು ತನ್ನದೇ ವಿದ್ಯುತ್ತಿನ ಖರ್ಚು. ಅವನ ದರ ನಾಲ್ಕು ಕಾಸು ಏರಿತೆಂದರೆ ಸಾಲಿನಲ್ಲಿ ಹಿಂದೆ ಬೀಳುತ್ತಾನೆ, ಇಡದವನು ಮುಂದೆ ಬರುತ್ತಾನೆ. ಆ ಹೆಚ್ಚಳವನ್ನು ಸಾಲಿನ ಲೆಕ್ಕದಿಂದ ಹೊರಗಿಡದಿದ್ದರೆ, ಶುದ್ಧನಾದುದಕ್ಕೆ ದಂಡ ತೆತ್ತಂತೆ.

ವಿದ್ಯುತ್ ದರವನ್ನು ಕುರಿತ ಒಂದು ಸಾರ್ವಜನಿಕ ಸಭೆ ನನಗೆ ನೆನಪಾಗುತ್ತದೆ. ಬಿಸಿಲುಸೀಮೆಯ ಊರು. ಸ್ಥಾವರದ ಮಗ್ಗುಲಿನ ಹಳ್ಳಿಯ ಒಬ್ಬ ಹಿರಿಯ ರೈತರು ಎದ್ದು ನಿಂತು, ದರದ ಮಾತು ಬಿಟ್ಟು, ಹತ್ತಿಯ ಎಲೆಯ ಮೇಲೆ ಕೂರುವ ಬೂದಿಯ ಮಾತು, ರಾತ್ರಿ ಕೆಮ್ಮುವ ಮೊಮ್ಮಗಳ ಮಾತು ತೆಗೆದರು. ಅದು ಈ ಸಭೆಯ ವಿಷಯವಲ್ಲ, ಮಾಲಿನ್ಯದವರ ಬಳಿ ಹೇಳಿ ಎಂದು ವಿನಯದಿಂದಲೇ ಅವರನ್ನು ಕೂರಿಸಿದರು. ಊಟದ ಹೊತ್ತಿಗೆ ಅವರು ನನ್ನ ಕೈಯಲ್ಲಿದ್ದ ದಪ್ಪ ಕಡತವನ್ನು ನೋಡಿ, “ಸಾಹೇಬ್ರ, ಇದರಾಗ ನಮ್ಮ ಹೆಸರ ಎಲ್ಲೈತ್ರಿ?” ಎಂದರು. ಇರಲಿಲ್ಲ. ಅವರ ಹಕ್ಕು ಆ ಸಭೆಯಲ್ಲಿ ಬಿಲ್ಲು ಕಟ್ಟುವವರದು ಮಾತ್ರ, ಉಸಿರಾಡುವವರದಲ್ಲ. ನಾನು ಏನೋ ಹೇಳಿ ಜಾರಿಕೊಂಡೆ.

ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹಣ ಬಳಕೆದಾರನಿಂದಲೇ ಬರಬೇಕೆಂದಾದರೆ, ಬರಲಿ. ಬೆಳಕು ಬೇಕೆಂದವರು ಅದರ ಹೊಗೆಯ ಹೊಣೆಯನ್ನೂ ಹೊರಬೇಕಾದದ್ದೇ. ಆದರೆ ಕೊಟ್ಟ ಹಣ ಯಂತ್ರ ಕಟ್ಟಿದ್ದಕ್ಕಲ್ಲ, ಯಂತ್ರ ಓಡಿದ್ದಕ್ಕೆ ಸಲ್ಲಬೇಕು. ಹೊಗೆಯನ್ನು ಗೋಪುರದ ಪಕ್ಕದಿಂದ ನೇರ ಚಿಮಣಿಗೆ ದಾಟಿಸುವ ಬಾಗಿಲು ಎಷ್ಟೋ ಕಡೆ ಇರುತ್ತದೆ. ಸುಣ್ಣಕಲ್ಲು ಉಳಿಸುವ ಆಸೆ ಇರುಳಿನಲ್ಲಿ ಹೆಚ್ಚು. ಚಿಮಣಿಗೆ ಎಡೆಬಿಡದೆ ಅಳೆಯುವ ಮಾಪಕ ಹಾಕಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಆದೇಶಿಸಿದೆ. ಆ ಮಾಪಕದ ಅಂಕಿಗೂ ತಿಂಗಳ ಹಣ ಪಾವತಿಗೂ ಗಂಟು ಹಾಕುವ ಒಂದು ಕಲಮು, ಆ ಅಂಕಿಯನ್ನು ಹಳ್ಳಿಯ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕೆಂಬ ಇನ್ನೊಂದು, ಇವೆರಡಿದ್ದರೆ ಆ ರೈತರ ಹೆಸರು ಕಡತದೊಳಗೆ ಬಂದಂತಾಗುತ್ತಿತ್ತು. ಬರೆಯಲು ಅರ್ಧ ಪುಟ ಸಾಕು.

ಗಡುವಿನ ಕಥೆ ಬೇಗ ಮುಗಿಸುತ್ತೇನೆ. 2017 ಎಂದದ್ದು 2022 ಆಯಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು: ದೆಹಲಿ ವಲಯ ಅಥವಾ ಹತ್ತು ಲಕ್ಷ ಜನರ ನಗರದ ಹತ್ತು ಕಿಲೋಮೀಟರಿನೊಳಗಿನವು ಎ, ಗಾಳಿ ಕೆಟ್ಟಿದೆಯೆಂದು ಈಗಾಗಲೇ ಗುರುತಿಸಿದ ಊರುಗಳ ಸಮೀಪದವು ಬಿ, ಮಿಕ್ಕವೆಲ್ಲ ಸಿ. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈ 11ರ ಅಧಿಸೂಚನೆಯಲ್ಲಿ ಸಿ ವರ್ಗಕ್ಕೆ, ಅಂದರೆ ದೇಶದ ಘಟಕಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವಕ್ಕೆ, ಗಂಧಕದ ಮಿತಿಯಿಂದಲೇ ವಿನಾಯಿತಿ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸುತ್ತಲಿನ ಗಾಳಿ ಮಿತಿಯೊಳಗೇ ಇದೆ ಎಂಬ ಅಧ್ಯಯನಗಳನ್ನು ಸರ್ಕಾರ ಮುಂದಿಟ್ಟಿತು. ಗಂಧಕ ಕಡಿಮೆ ಎಂಬುದು ದಿಟ. ಆದರೆ ನಾವು ಸುಡುವ ಕಲ್ಲಿದ್ದಲು ಕಡಿಮೆಯಲ್ಲ. ವಿನಾಯಿತಿಗೆ ಇಟ್ಟ ಷರತ್ತು ಚಿಮಣಿಯ ಎತ್ತರದ ನಿಯಮ ಪಾಲಿಸಿರಬೇಕೆಂಬುದು.

ಯಂತ್ರಕ್ಕಾಗಿ ಆಗಲೇ ಆದೇಶವಿತ್ತವರು, ಅರ್ಧ ಕಟ್ಟಿದವರು, ಪೂರ್ತಿ ಕಟ್ಟಿ ದರದಲ್ಲಿ ವಸೂಲು ಮಾಡುತ್ತಿರುವವರು, ಎಲ್ಲರಿಗೂ ಈಗ ಅದೇ ಅಧ್ಯಾಯ ತೆರೆದು ಕೂರುವ ಕೆಲಸ ಬಂದಿದೆ. ವಿನಾಯಿತಿಯೂ ಒಂದು ‘ಕಾನೂನಿನ ಬದಲಾವಣೆ’ಯೇ ತಾನೆ? ನನ್ನ ಹಳೆಯ ಸಹೋದ್ಯೋಗಿಗಳಿಗೆ ಕೆಲಕಾಲ ಓದಲು ಕೊರತೆಯಿಲ್ಲ. ಆ ಹಿರಿಯ ರೈತರ ಹಳ್ಳಿಯ ಸ್ಥಾವರ ಯಾವ ವರ್ಗದ್ದೆಂದು ಪಟ್ಟಿಯಲ್ಲಿ ಹುಡುಕಿ ನೋಡಿದೆ. ಹತ್ತು ಕಿಲೋಮೀಟರಿನೊಳಗೆ ದೊಡ್ಡ ಪಟ್ಟಣ ಯಾವುದೂ ಇಲ್ಲ. ಸಿ.