ತುರಿಕೆ ಶುರುವಾಗಿದ್ದು ಎಲ್ಲಿ?

ಮೈ ತುರಿಸಿದರೆ ನಮ್ಮ ಕಡೆ ಮೊದಲು ಸಿಕ್ಕಿಬೀಳುವ ಕಳ್ಳ ಬದನೆಕಾಯಿ. ‘ನಂಜಾಗಿದೆ ಡಾಕ್ಟ್ರೇ, ನಿನ್ನೆ ಎಣ್ಣೆಗಾಯಿ ತಿಂದಿದ್ದೆ’ ಎಂದು ತೀರ್ಪು ಕೊಟ್ಟುಕೊಂಡೇ ಬಂದವರು ಕುರ್ಚಿಯಲ್ಲಿ ಕೂರುತ್ತಾರೆ. ಏನು ತಿಂದಿರಿ ಎಂಬುದನ್ನು ನಾನು ಆಮೇಲೆ ಕೇಳುತ್ತೇನೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಶುರುವಾಗಿದ್ದು ಎಲ್ಲಿ?

ಕಜ್ಜಿ, ಹುಳುಕಡ್ಡಿಗಳ ಮಾತು ಇವತ್ತು ಬೇಡ. ಕಜ್ಜಿ ಸಣ್ಣ ಹುಳದಿಂದ ಬರುತ್ತದೆ, ಹುಳುಕಡ್ಡಿ ಶಿಲೀಂಧ್ರದಿಂದ, ಎರಡೂ ಅಂಟುತ್ತವೆ. ಇಸುಬು, ಸೋರಿಯಾಸಿಸ್, ಅಲರ್ಜಿಯ ಗುಳ್ಳೆ ಇವುಗಳ ಜಾತಿ ಬೇರೆ. ಇಲ್ಲಿ ಗದ್ದಲ ಎಬ್ಬಿಸುವವರು ನಮ್ಮದೇ ರಕ್ತದ ಕಾವಲುಗಾರರು. ಅವರ ಗದ್ದಲಕ್ಕೆ ಚರ್ಮ ಕೆಂಪಾಗುತ್ತದೆ, ಊದುತ್ತದೆ, ನವೆಯಾಗುತ್ತದೆ. ಇದನ್ನೇ ಉರಿಯೂತ ಅನ್ನುವುದು. ಪಕ್ಕದಲ್ಲಿ ಕೂತವರಿಗೆ ಇದು ಅಂಟುವುದಿಲ್ಲ.

ಮೊದಲು ಅಲರ್ಜಿ. ಅದು ಶುರುವಾದ ಜಾಗವೇ ಕಳ್ಳನ ಸುಳಿವು ಕೊಡುತ್ತದೆ. ಪಾದದ ಮೇಲೆ ಹವಾಯಿ ಚಪ್ಪಲಿಯ ಬಾರು ಹಾಯುವ ಜಾಗದಲ್ಲೇ ಕಪ್ಪಗೆ, ಒರಟಾಗಿ ಎರಡು ಪಟ್ಟೆ ಎದ್ದಿದ್ದರೆ ರಬ್ಬರಿಗೆ ಬೆರೆಸಿದ ರಾಸಾಯನಿಕದ ಮೇಲೆ ಅನುಮಾನ. ಕಿವಿಯ ಹಾಲೆ, ಹೊಕ್ಕುಳ ಕೆಳಗೆ ಪ್ಯಾಂಟಿನ ಗುಂಡಿ ತಾಗುವ ಜಾಗ, ಎರಡೂ ಕಡೆ ನವೆ ಇದ್ದರೆ ನಿಕ್ಕಲ್ ಲೋಹ. ಹುಬ್ಬುಗಳ ನಡುವೆ ಸ್ಟಿಕ್ಕರ್ ಬೊಟ್ಟಿನಷ್ಟೇ ಅಗಲದ ಗಾಯವಾದರೆ ಅದರ ಅಂಟು. ಆ ಅಂಟಿನ ಕೆಲವು ರಾಸಾಯನಿಕಗಳು ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುವುದರಿಂದ, ಹಣೆಯಲ್ಲಿ ತೊನ್ನಿನಂಥ ಬಿಳಿ ಮಚ್ಚೆ ಉಳಿದು ಮನೆಯವರು ಗಾಬರಿಯಾಗುವುದೂ ಉಂಟು.

ಇಷ್ಟು ಸ್ಪಷ್ಟ ಗುರುತಿದ್ದರೂ ನಮಗೇಕೆ ಹೊಳೆಯುವುದಿಲ್ಲ? ಈ ಬಗೆಯ ಅಲರ್ಜಿ ನಿಧಾನದ್ದು, ಅದಕ್ಕೆ. ಬರ್ಲಿನ್ನಿನಲ್ಲಿ ಓದುತ್ತಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ 1868ರಲ್ಲಿ ಚರ್ಮದೊಳಗೆ ಕವಲುಕವಲಾದ ಜೀವಕೋಶಗಳನ್ನು ಕಂಡು, ಇವು ನರಕ್ಕೆ ಸೇರಿದವು ಎಂದುಕೊಂಡ. ಊಹೆ ತಪ್ಪಿತು, ಕೋಶಗಳಿಗೆ ಅವನ ಹೆಸರು ಮಾತ್ರ ಉಳಿಯಿತು. ಚರ್ಮದೊಳಗೆ ನುಗ್ಗಿದ ಹೊಸ ವಸ್ತುವನ್ನು ಹಿಡಿದು, ಹತ್ತಿರದ ದುಗ್ಧರಸ ಗ್ರಂಥಿಗೆ ಒಯ್ದು, ಅಲ್ಲಿನ ಟಿ ಕಣಗಳೆಂಬ ಕಾವಲುಗಾರರಿಗೆ ‘ಇವನ ಮುಖ ನೆನಪಿಟ್ಟುಕೊಳ್ಳಿ’ ಎಂದು ತೋರಿಸುವುದು ಈ ಕೋಶಗಳ ಕೆಲಸ. ಆ ಪಾಠಕ್ಕೆ ಹತ್ತು ಹದಿನೈದು ದಿನ ಬೇಕು. ಆಮೇಲೆ ಅದೇ ವಸ್ತು ಮತ್ತೆ ತಾಗಿದಾಗಲೂ ಗುಳ್ಳೆ ಏಳಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಓಲೆ ಹಾಕಿದ್ದು ಶನಿವಾರದ ಮದುವೆಗೆ, ತುರಿಸಿದ್ದು ಸೋಮವಾರ, ಸಿಕ್ಕಿಬಿದ್ದಿದ್ದು ಭಾನುವಾರದ ಬದನೆಕಾಯಿ! ವರ್ಷಗಟ್ಟಲೆ ಬಳಸಿದ ವಸ್ತುವೂ ಒಂದು ದಿನ ಹೀಗೆ ತಿರುಗಿಬೀಳಬಹುದು.

ನಮ್ಮ ನಾಡಿನಲ್ಲಿ ಈ ಅಲರ್ಜಿಯ ದೊಡ್ಡ ಕಥೆ ಪಾರ್ಥೇನಿಯಂನದು, ಜನ ಕಾಂಗ್ರೆಸ್ ಗಿಡ ಅನ್ನುತ್ತಾರಲ್ಲ, ಅದು. ಅಮೆರಿಕ ಖಂಡದ ಈ ಕಳೆ ನಮ್ಮ ದೇಶದಲ್ಲಿ ಸಸ್ಯತಜ್ಞರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬೀಜ ಬಂತು ಎಂಬುದು ರೂಢಿಯ ಮಾತು. ಈಗ ಬದುವಿನ ಮೇಲೆ, ಖಾಲಿ ಸೈಟಿನಲ್ಲಿ, ರೈಲುಹಳಿಯ ಪಕ್ಕ ಎಲ್ಲೆಲ್ಲೂ ಅದೇ. ಅದರ ಪಾರ್ಥೇನಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಲುಪಲು ಗಿಡ ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕತ್ತಿನ ಮಡಿಕೆ, ಮೊಣಕೈಯ ಒಳಮಡಿಕೆಗಳಲ್ಲಿ ಕೂರುತ್ತದೆ. ಹೆಚ್ಚಾಗಿ ನರಳುವವರು ಬಯಲಲ್ಲಿ ದುಡಿಯುವ ನಡುವಯಸ್ಸಿನ ಗಂಡಸರು. ಮುಖ ಕಪ್ಪಾಗಿ ದಪ್ಪ ತೊಗಲಿನಂತಾದಾಗ ‘ಬಿಸಿಲಿಗೆ ಹೀಗಾಯಿತು’ ಅನ್ನುತ್ತಾರೆ. ನಾನು ಗದ್ದ ಎತ್ತಿಸಿ ಕೆಳಗೆ ನೋಡುತ್ತೇನೆ, ಕಿವಿ ಮಡಿಸಿ ಹಿಂದೆ ನೋಡುತ್ತೇನೆ. ಬಿಸಿಲು ಅಲ್ಲಿಗೆ ಅಷ್ಟಾಗಿ ಇಳಿಯುವುದಿಲ್ಲ, ಧೂಳು ಇಳಿಯುತ್ತದೆ. ಇಂಥವರಿಗೆ ಒಮ್ಮೊಮ್ಮೆ ಅದೇ ಕುಟುಂಬದ ಸೇವಂತಿಗೆಯೂ ಆಗಿಬರುವುದಿಲ್ಲ. ಈ ಕಳೆ ತಿನ್ನಿಸಲು 1984ರಲ್ಲಿ ಮೆಕ್ಸಿಕೋ ಮೂಲದ ಒಂದು ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಅದು ತಿನ್ನುತ್ತಿದೆ, ಗಿಡವೂ ಬೆಳೆಯುತ್ತಿದೆ.

ಕರಿಗೇರು ಕಾಯಿಯ ಕಥೆ ಇನ್ನೂ ಹಳೆಯದು. ಒಗೆದರೂ ಹೋಗದ ಅದರ ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರಿಗೆ, ಬಟ್ಟೆಯ ಗುರುತು ಮೈಗೆ ತಾಗುವಲ್ಲೇ ಗುಳ್ಳೆ ಏಳತೊಡಗಿತು. ಇದು 1943ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲೂ ವರದಿಯಾಯಿತು. ಗೋಡಂಬಿ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ಎಲ್ಲ ಅದೇ ಕುಟುಂಬ.

ಮಕ್ಕಳ ಇಸುಬಿಗೆ ಇಂಥ ಒಬ್ಬನೇ ಆರೋಪಿ ಸಿಗುವುದಿಲ್ಲ. ಚರ್ಮದ ಮೇಲ್ಪದರ ಹೆಂಚಿನ ಮಾಡಿನ ಹಾಗೆ. ಹೆಂಚು ಸರಿದಿದ್ದರೆ ಒಳಗಿನ ತೇವ ಆರುತ್ತದೆ, ಹೊರಗಿನ ಧೂಳು, ಸೋಪು ಒಳಗೆ ಸೋರುತ್ತವೆ. ಹೆಂಚುಗಳನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ ಎಂದು ತಿಳಿದದ್ದು 2006ರಲ್ಲಿ. ಹಸುಗೂಸಿಗೆ ಕೆನ್ನೆಯಲ್ಲಿ, ದೊಡ್ಡ ಮಕ್ಕಳಿಗೆ ಮೊಣಕೈ ಮೊಣಕಾಲಿನ ಒಳಮಡಿಕೆಯಲ್ಲಿ ಇದು ಕಾಣಿಸುತ್ತದೆ. ಕೆರೆದಷ್ಟೂ ನವೆ, ನವೆಯಾದಷ್ಟೂ ಕೆರೆತ. ಕಡಲೆಹಿಟ್ಟು ಹಚ್ಚಿ ತಿಕ್ಕುವ ಅಜ್ಜಿಯಂದಿರು ಕ್ಷಮಿಸಬೇಕು, ಈ ಚರ್ಮಕ್ಕೆ ತಿಕ್ಕಾಟ ಆಗದು. ಸ್ನಾನ ಮಾಡಿಸಿ ಮೈ ಹಸಿ ಇರುವಾಗಲೇ ತೇವ ಕಾಯುವ ಮುಲಾಮು ಹಚ್ಚಬೇಕು.

ಸೋರಿಯಾಸಿಸ್ ಇದಕ್ಕೆ ಹಿಂದುಮುಂದು, ಮೊಣಕೈ ಮೊಣಕಾಲಿನ ಹೊರಗಡೆಯೇ ಅದಕ್ಕೆ ಇಷ್ಟ. ನೆತ್ತಿ, ಸೊಂಟದ ಹಿಂಭಾಗವೂ ಹೌದು. ಸಾಮಾನ್ಯವಾಗಿ ಚರ್ಮದ ತಳದಲ್ಲಿ ಹುಟ್ಟಿದ ಕಣ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಇಲ್ಲಿ ನಾಲ್ಕೈದೇ ದಿನಕ್ಕೆ ನುಗ್ಗಿಬರುತ್ತದೆ. ಹಾಗಾಗಿ ಬಲಿಯದ ಕಣಗಳೇ ಬೆಳ್ಳಿಯಂಥ ಹೊಟ್ಟಾಗಿ ಅಡರುತ್ತವೆ. ಇದಕ್ಕೆ ಕಾರಣ ವಂಶದ ಒಲವು ಒಂದು ಕಡೆ, ಗಂಟಲು ಸೋಂಕು, ಚಿಂತೆ, ತರಚುಗಾಯ, ಕೆಲವು ಮಾತ್ರೆಗಳು ಇನ್ನೊಂದು ಕಡೆ. ಕೆಲವರಿಗೆ ಕೀಲು ಕೂಡ ಹಿಡಿಯುತ್ತದೆ. ಹಿಂದೆ ಇದನ್ನು ಕುಷ್ಠದ ಸಾಲಿಗೆ ಸೇರಿಸುತ್ತಿದ್ದರು. ವಿಯೆನ್ನಾದ ವೈದ್ಯ ಹೆಬ್ರಾ 1841ರಲ್ಲೇ ಎರಡನ್ನೂ ಬೇರ್ಪಡಿಸಿದ. ಆ ಸುದ್ದಿ ನಮ್ಮ ಬಸ್ಸಿನ ಸೀಟುಗಳಿಗೆ ಇನ್ನೂ ಮುಟ್ಟಿಲ್ಲ.

ಒಂದು ಮಾತಿಗೆ ಸ್ವಲ್ಪ ಸಿಟ್ಟಾಗುತ್ತೇನೆ. ಅಂಗಡಿಯಲ್ಲಿ ಕೇಳಿ ತಂದ ಟ್ಯೂಬಿನಲ್ಲಿ ಬಹಳ ಸಲ ತೀಕ್ಷ್ಣ ಸ್ಟೀರಾಯ್ಡ್ ಇರುತ್ತದೆ. ಸರಿಯಾದ ರೋಗಕ್ಕೆ, ಸರಿಯಾದಷ್ಟು ದಿನಕ್ಕೆ ಅದು ಒಳ್ಳೆಯ ಔಷಧಿ. ಹುಳುಕಡ್ಡಿಗೆ ಹಚ್ಚಿದರೆ ನವೆ ಅಡಗಿ, ಶಿಲೀಂಧ್ರ ಆರಾಮಾಗಿ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಪಕ್ಕದ ಮನೆಯವರಿಗೆ ವಾಸಿಯಾಯಿತು ಎಂಬುದು ಔಷಧಿ ಚೀಟಿಯಾಗುವುದಿಲ್ಲ.

ಚರ್ಮದ ವೈದ್ಯರ ಹತ್ತಿರ ಬರುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ತನ್ನಿ. ಜೊತೆಗೆ ಓಲೆ, ಬೊಟ್ಟಿನ ಪಾಕೀಟು, ಕೂದಲಿಗೆ ಹಚ್ಚುವ ಬಣ್ಣ. ಅನುಮಾನದ ವಸ್ತುಗಳನ್ನು ಚೂರುಚೂರು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯೊಂದಿದೆ. ಹಾಂ, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಡಿ. ಅದನ್ನೂ ನೋಡಬೇಕು.